ನೀರಿನ ಕೆಳಗಿನ ಬಾಗಿಲು

ಬಸ್ಸಿನಲ್ಲಿ ಪಕ್ಕದವನು ಮೊಬೈಲಿನಲ್ಲಿ ಗೇಮ್ ಆಡುತ್ತಾ ಕೂತರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಅವನು ನನಗೇನೂ ಮಾಡಿಲ್ಲ, ಪಾಪ. ಆ ಟುಯ್ ಟುಯ್ ಶಬ್ದ ಕೇಳಿದರೆ ಸಾಕು, ನಾನು ಎದ್ದು ಬೇರೆ ಸೀಟು ಹುಡುಕುತ್ತೇನೆ. ಕುಂಬಳೆಯಿಂದ ಬದಿಯಡ್ಕದವರೆಗೆ ನಿಂತುಕೊಂಡೇ ಹೋದದ್ದೂ ಉಂಟು. "ಎಂತ ಮಾರಾಯ, ನಿಂಗೆ ಗೇಮ್ ಅಂದ್ರೆ ಆಗುವುದೇ ಇಲ್ವಾ?" ಎಂದು ಗೆಳೆಯರು ಕೇಳಿದರೆ, "ದೊಡ್ಡವನಾದೆ, ಆಸಕ್ತಿ ಹೋಯಿತು" ಎನ್ನುತ್ತೇನೆ. ಅದು ನಿಜವೇ. ಆದರೆ ಹೋದದ್ದು ಯಾವಾಗ, ಹೋದದ್ದನ್ನು ಯಾರಿಂದ ಮುಚ್ಚಿಟ್ಟೆ ಎನ್ನುವುದನ್ನು ಮಾತ್ರ ಇದುವರೆಗೆ ಯಾರಿಗೂ ಹೇಳಿಲ್ಲ.

ನನ್ನ ಉಪ್ಪ, ಅಂದರೆ ಅಪ್ಪ, ಶಾರ್ಜಾದ ಒಂದು ಲಾಂಡ್ರಿಯಲ್ಲಿ ಇಸ್ತ್ರಿ ಹಾಕುತ್ತಿದ್ದರು. ಎರಡು ವರ್ಷಕ್ಕೋ ಮೂರು ವರ್ಷಕ್ಕೋ ಒಮ್ಮೆ ನಲವತ್ತೈದು ದಿನದ ರಜೆ. ಸ್ವಂತ ಮನೆಗೆ ನೆಂಟರ ಹಾಗೆ ಬಂದು ನೆಂಟರ ಹಾಗೆ ಹೋಗುವವರು. ನನಗೆ ಶೂ ಬೇಕಾದರೆ ಉಮ್ಮ ನನ್ನ ಕಾಲನ್ನು ನೋಟ್ ಬುಕ್ಕಿನ ಹಾಳೆಯ ಮೇಲೆ ಇಡಿಸಿ, ಸುತ್ತ ಪೆನ್ಸಿಲಿನಿಂದ ಗೆರೆ ಎಳೆದು, ಊರಿನಿಂದ ಗಲ್ಫಿಗೆ ಹೊರಟವರ ಕೈಯಲ್ಲಿ ಆ ಹಾಳೆ ಕಳುಹಿಸುತ್ತಿದ್ದರು. ಅದು ಅಲ್ಲಿಗೆ ತಲುಪಿ, ಉಪ್ಪ ಅಂಗಡಿಯಿಂದ ಶೂ ತೆಗೆದು, ಊರಿಗೆ ಬರುವ ಯಾರದ್ದೋ ಪೆಟ್ಟಿಗೆಯಲ್ಲಿ ಜಾಗ ಸಿಕ್ಕಿ ನಮ್ಮ ಮನೆಗೆ ಬರುವಾಗ ನನ್ನ ಕಾಲು ಬೆಳೆದಿರುತ್ತಿತ್ತು. ಹೆಬ್ಬೆರಳು ಮಡಚಿಕೊಂಡು ಹಾಕುತ್ತಿದ್ದೆ. ಫೋನಿನಲ್ಲಿ ಉಪ್ಪನಿಗೆ "ಸರಿ ಆಗ್ತದೆ" ಎನ್ನುತ್ತಿದ್ದೆ. ಹಾಗೆ ಹೇಳಲು ಕಲಿಸಿದ್ದು ಉಮ್ಮನೇ. ಜ್ವರ ಬಂದರೆ ಹೇಳಬಾರದು, ಮಾರ್ಕು ಕಡಿಮೆಯಾದರೆ ಹೇಳಬಾರದು, ಹಂಚು ಹಾರಿಹೋದರೆ ಹೇಳಬಾರದು. ಗಲ್ಫಿನಲ್ಲಿ ಇರುವವರಿಗೆ ಬೇಜಾರಿನ ಸುದ್ದಿ ಮುಟ್ಟಿಸಬಾರದು ಎನ್ನುವುದು ನಮ್ಮ ಕಡೆಯ ಎಲ್ಲ ಮನೆಗಳ ಕಟ್ಟುಪಾಡು.

2001ರ ರಜೆಯಲ್ಲಿ ಉಪ್ಪ ಟಿವಿ ಗೇಮ್ ತಂದರು. ನಾನಾಗ ನಾಲ್ಕನೇ ಕ್ಲಾಸು. ಕಪ್ಪು ಡಬ್ಬಿ, ಎರಡು ರಿಮೋಟು, ಒಂದು ಹಳದಿ ಕ್ಯಾಸೆಟ್. ಕ್ಯಾಸೆಟ್ಟಿನ ಮೇಲೆ ಸಾವಿರಾರು ಆಟ ಉಂಟೆಂದು ಬರೆದಿತ್ತು. ಹಾಕಿ ನೋಡಿದರೆ ಐದೇ ಐದು, ಹೆಸರು ಬದಲಿಸಿ ಬದಲಿಸಿ ಅದೇ ಐದು. ಅದರಲ್ಲಿ ನಮಗೆ ಹಿಡಿಸಿದ್ದು ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ಸಮುದ್ರಕ್ಕೆ ಇಳಿಯುವವನ ಆಟ. ಮೂರು ಜೀವ, ಮೂರು ಸ್ಟೇಜು. ಮೂರನೆಯದರಲ್ಲಿ ಒಂದು ಒಡೆದ ಹಡಗು, ಅದರ ಆಚೆ ಆಕ್ಟೋಪಸ್. ಆಕ್ಟೋಪಸ್ಸನ್ನು ಕೊಂದರೆ ಆಟ ತಿರುಗಿ ಮೊದಲಿನಿಂದ ಶುರು. ನಾನು ಮತ್ತು ಉಪ್ಪ ಆ ನಲವತ್ತೈದು ದಿನ ಚಾಪೆ ಹಾಕಿಕೊಂಡು ಅದರ ಎದುರೇ ಕೂತೆವು. ಇಸ್ತ್ರಿ ಪೆಟ್ಟಿಗೆ ಹಿಡಿದು ಹಿಡಿದು ಮರಗಟ್ಟಿದ್ದ ಬೆರಳು ಅವರದು. ಬಟನ್ ಒತ್ತುವುದರೊಳಗೆ ಮೀನು ಬಂದು ನುಂಗಿಬಿಡುತ್ತಿತ್ತು. "ಅಯ್ಯೋ ಉಪ್ಪ, ಹಾರಿ ಹಾರಿ!" ಎಂದು ನಾನು ಕೂಗುವುದು, ಅವರು ಕೂತಲ್ಲೇ ಮೈಯೆಲ್ಲ ಹಾರಿಸುವುದು, ಉಮ್ಮ ಅಡುಗೆಮನೆಯಿಂದ ನಗುವುದು.

ಶಾರ್ಜಾಕ್ಕೆ ವಾಪಸ್ ಹೋದ ಉಪ್ಪ ಅಲ್ಲಿ ಅಂಥದ್ದೇ ಇನ್ನೊಂದು ತೆಗೆದುಕೊಂಡರು. ರೂಮಿನಲ್ಲಿ ಎಂಟು ಮಂದಿ, ಎಲ್ಲ ನಮ್ಮ ಕಡೆಯವರೇ. ಅವರ ತಮಾಷೆಗೆ ಕಿವಿಗೊಡದೆ ಶುಕ್ರವಾರದ ರಜೆಯಲ್ಲಿ ಒಬ್ಬರೇ ಕೂತು ಕಲಿಯುತ್ತಿದ್ದರಂತೆ. ಅದೇ ಶುಕ್ರವಾರ ಸಂಜೆ ನಮ್ಮ ಮನೆಗೆ ಫೋನು. ಕಾರ್ಡಿನಲ್ಲಿ ಹತ್ತು ನಿಮಿಷ ಇದ್ದರೆ ಏಳು ಉಮ್ಮನಿಗೆ, ಮೂರು ನನಗೆ. "ಎಷ್ಟನೇ ಸ್ಟೇಜ್ ಮೋನೆ?" ಎಂದು ಉಪ್ಪ ಕೇಳುತ್ತಿದ್ದರು; ಮೋನೆ ಎಂದರೆ ಮಗನೇ. ಮಾತು ಅಲ್ಲಿಂದ ಓಡಿದರೆ ಕಾರ್ಡ್ ಮುಗಿದು ಕಟ್ ಆಗುವವರೆಗೂ ನಿಲ್ಲುತ್ತಿರಲಿಲ್ಲ. 2004ರ ರಜೆಯಲ್ಲಿ ಬಂದಾಗ ಅವರು ಮೂರನೇ ಸ್ಟೇಜಿನವರೆಗೆ ಬರುವಷ್ಟು ತಯಾರಾಗಿದ್ದರು. ಅವತ್ತು ನನಗೆ ಆದ ಹೆಮ್ಮೆ ನನ್ನ ಸ್ವಂತ ಗೆಲುವಿಗೂ ಆಗಿರಲಿಲ್ಲ.

ಮಾರನೇ ವರ್ಷ ನಾನು ಎಂಟನೇ ಕ್ಲಾಸಿಗೆ ಬಂದೆ. ಒಂದು ಶನಿವಾರ ಮಧ್ಯಾಹ್ನ ಟಿವಿ ಹಾಕಿ, ರಿಮೋಟ್ ಹಿಡಿದು ಕೂತೆ. ಆ ಸಿಲಿಂಡರಿನವನು ಸಮುದ್ರಕ್ಕೆ ಇಳಿದ. ನನಗೆ ಏನೂ ಅನಿಸಲಿಲ್ಲ. ಬೇಸರವೂ ಅಲ್ಲ, ಆಯಾಸವೂ ಅಲ್ಲ. ಇವನು ಸತ್ತರೆ ನನಗೇನು ಎಂದು ಬಂತು ಮನಸ್ಸಿಗೆ. ಕೈ ತೆಗೆದು ಸುಮ್ಮನೆ ನೋಡಿದೆ. ಮೀನು ಬಂದು ನುಂಗಿತು. ಮತ್ತೆ ಬಂದ, ಮತ್ತೆ ನುಂಗಿತು. ಮೂರು ಜೀವವೂ ಹೋಗುವ ತನಕ ಹಾಗೇ ಕೂತಿದ್ದೆ. ಆಮೇಲೆ ವಯರು ಸುತ್ತಿ ಮಂಚದ ಕೆಳಗೆ ತಳ್ಳಿದೆ. ಆಗ ಹೆದರಿಕೆ ಶುರುವಾಯಿತು. ಶುಕ್ರವಾರ ಉಪ್ಪನ ಹತ್ತಿರ ಎಂತ ಮಾತಾಡುವುದು? ಅವರಿಗೆ ನನ್ನ ಶಾಲೆ ಗೊತ್ತಿಲ್ಲ, ಗೆಳೆಯರು ಗೊತ್ತಿಲ್ಲ. ನನಗೆ ಅವರ ಲಾಂಡ್ರಿ ಗೊತ್ತಿಲ್ಲ. ಆಟ ಒಂದು ಬಿಟ್ಟರೆ ನಮ್ಮಿಬ್ಬರ ನಡುವೆ ಬೇರೆ ಏನೂ ಇರಲಿಲ್ಲ.

"ಎಷ್ಟನೇ ಸ್ಟೇಜ್ ಮೋನೆ?"

"ನಾಲ್ಕು" ಎಂದೆ. ಅಷ್ಟೇ. ಬಾಯಿಗೆ ಬಂತು, ಹೇಳಿದೆ.

"ನಾಲ್ಕಾ! ನಾಲ್ಕನೆಯದು ಉಂಟಾ ಅದರಲ್ಲಿ?"

"ಉಂಟು. ಆ ಒಡೆದ ಹಡಗಿನ ಕೆಳಗೆ ಒಂದು ಬಾಗಿಲು ಉಂಟು. ಅದರೊಳಗೆ ಹೋದರೆ ಬೇರೆಯೇ ಊರು."

ಉಪ್ಪ ಫೋನು ಹಿಡಿದುಕೊಂಡೇ ರೂಮಿನವರಿಗೆ ಕೂಗಿ ಹೇಳಿದರು. "ಕೇಳಿದಿರಾ, ನಾಲ್ಕನೇ ಸ್ಟೇಜ್ ಉಂಟಂತೆ! ನನ್ನ ಮಗ ಕಂಡುಹಿಡಿದ!" ಅವರ ಆ ಸ್ವರದಲ್ಲಿ ಅಷ್ಟು ಸಂತೋಷ ಇತ್ತು. ತಮಾಷೆಗೆ ಹೇಳಿದ್ದು ಎನ್ನಲು ಒಂದು ನಿಮಿಷ ಇತ್ತು. ಹೇಳಲಿಲ್ಲ.

ಮುಂದಿನ ವಾರ, "ಬಾಗಿಲು ಕಾಣುವುದಿಲ್ಲವಲ್ಲ ಮೋನೆ" ಎಂದರು. ಹಡಗಿನ ಹತ್ತಿರ ಅಲುಗಾಡದೆ ನಿಲ್ಲಬೇಕು, ಏಳು ಮೀನು ಎಣಿಸಬೇಕು ಎಂದೆ. ಅದರ ಮುಂದಿನ ವಾರ, ಏಳು ಎಣಿಸಿದರೂ ಬರಲಿಲ್ಲ ಎಂದರು. ಎಡದಿಂದ ಬರುವ ಮೀನು ಮಾತ್ರ ಎಣಿಸಬೇಕು ಎಂದೆ. ನಿಜ ಹೇಳುತ್ತೇನೆ, ಮೊದಮೊದಲು ನನಗೆ ಇದು ಮಜವಾಗಿತ್ತು. ಆಟದಲ್ಲಿ ಸತ್ತುಹೋದ ಮಜಾ ಸುಳ್ಳಿನಲ್ಲಿ ಸಿಕ್ಕಿತ್ತು. ಥೂ, ಎಂಥ ಮಗ ನಾನು! ಅಲ್ಲಿ ಒಬ್ಬ ಮನುಷ್ಯ ವಾರದ ಆರು ದಿನ ಬೆಂಕಿಯಂಥ ಆವಿಯಲ್ಲಿ ನಿಂತು, ಸಿಕ್ಕಿದ ಒಂದು ರಜೆಯಲ್ಲಿ ಇಲ್ಲದ ಬಾಗಿಲು ಹುಡುಕುತ್ತಾ ಮೀನು ಎಣಿಸುತ್ತಿದ್ದ. ಉಮ್ಮನಿಗೆ ಎಲ್ಲ ಗೊತ್ತಿತ್ತು. ಮಂಚದ ಕೆಳಗೆ ಗುಡಿಸುವಾಗ ಆ ಡಬ್ಬಿಯ ವಯರನ್ನು ಇಲಿ ಕಡಿದು ಹಾಕಿದ್ದನ್ನು ಮೊದಲು ನೋಡಿದ್ದೇ ಅವರು. "ನಿಂಗೆ ನಾಚಿಕೆ ಆಗುವುದಿಲ್ವಾ? ನೀನೇ ಹೇಳು, ನಾನಂತೂ ಹೇಳ್ಲಿಕ್ಕಿಲ್ಲ. ಅವರು ಆ ಸುದ್ದಿ ಕೇಳಿಯೇ ಒಂದು ವಾರ ದೂಡುವುದು" ಎಂದು ಬೈದರು. ನಾನು ಹೇಳಲಿಲ್ಲ. ಅವರೂ ಹೇಳಲಿಲ್ಲ.

ವರ್ಷ ಕಳೆದ ಹಾಗೆ ಸುಳ್ಳೂ ಬೇಸರವಾಯಿತು. ಉಪ್ಪನ ಪ್ರಶ್ನೆ ಬಂದರೆ ತಲೆ ಚಿಟ್ಟು ಹಿಡಿಯುತ್ತಿತ್ತು. "ಸರಿಯಾಗಿ ಹುಡುಕಿ ಉಪ್ಪ, ನಂಗೆ ಓದ್ಲಿಕ್ಕುಂಟು" ಎಂದು ಫೋನನ್ನು ಉಮ್ಮನ ಕೈಗೆ ಕೊಟ್ಟುಬಿಡುತ್ತಿದ್ದೆ. ಕಂಪನಿ ಬದಲಾಗಿ, ವೀಸಾದ ತಕರಾರಾಗಿ ಅವರಿಗೆ ನಾಲ್ಕು ವರ್ಷ ಊರಿಗೆ ಬರಲಾಗಲಿಲ್ಲ. ಮನಸ್ಸಿನೊಳಗೆ ಅದು ನನಗೆ ಒಳ್ಳೆಯದೇ ಆಯಿತು ಎಂದುಕೊಂಡಿದ್ದೆ.

2008ರಲ್ಲಿ ಬಂದರು. ನಾನಾಗ ಪ್ಲಸ್ ವನ್, ಅಂದರೆ ಹನ್ನೊಂದನೇ ಕ್ಲಾಸು; ಅವರಿಗಿಂತ ಎರಡು ಬೆರಳು ಎತ್ತರ. ಏರ್‌ಪೋರ್ಟಿನಲ್ಲಿ ನನ್ನನ್ನು ನೋಡಿ ಒಂದು ಗಳಿಗೆ ಗುರುತು ಸಿಗದೆ ನಿಂತರು. ಎರಡು ದಿನ ನೆಂಟರು, ನೆರೆಯವರು. ಮೂರನೇ ದಿನ ಮಧ್ಯಾಹ್ನ ಊಟ ಮುಗಿಸಿ ಬ್ಯಾಗಿನಿಂದ ಒಂದು ಟವೆಲಿನ ಗಂಟು ತೆಗೆದರು. ಬಿಚ್ಚಿದರೆ ಶಾರ್ಜಾದ ಗೇಮು. ಪೆಟ್ಟಿಗೆಯಲ್ಲಿ ಹಾಕಿದರೆ ಒಡೆದೀತೆಂದು ಕೈಯಲ್ಲೇ ಹಿಡಿದು ತಂದಿದ್ದರು. ತಾವೇ ಟಿವಿಗೆ ಸಿಕ್ಕಿಸಿದರು, ತಾವೇ ಚಾಪೆ ಹಾಸಿದರು. "ಬಾ ಮೋನೆ, ಆ ಬಾಗಿಲು ಒಮ್ಮೆ ತೋರಿಸು. ರೂಮಿನವರೆಲ್ಲ ನಂಗೆ ತಮಾಷೆ ಮಾಡ್ತಾರೆ" ಎಂದರು.

ಕೂತೆ. ಬೇರೆ ದಾರಿ ಇರಲಿಲ್ಲ. ಕರೆಂಟು ಹೋಗಲಿ ಎಂದು ಮನಸ್ಸಿನಲ್ಲೇ ದುವಾ ಮಾಡಿದೆ. ಬೇಡದಾಗೆಲ್ಲ ಹೋಗುವ ಕರೆಂಟು ಅವತ್ತು ಅಲುಗಾಡಲಿಲ್ಲ. ಮೂರು ವರ್ಷ ಮುಟ್ಟದ ಕೈ. ಯಾವ ಬಟನ್ ಯಾವುದಕ್ಕೆ ಎನ್ನುವುದೇ ಮರೆತಿತ್ತು. ಮೊದಲನೇ ಸ್ಟೇಜಿನಲ್ಲೇ ಎರಡು ಜೀವ ಹೋಯಿತು. ನಾನು ತಮಾಷೆಗೆ ಬೇಕೆಂದೇ ಸೋಲುತ್ತಿದ್ದೇನೆ ಎಂದುಕೊಂಡು ಉಪ್ಪ ನಕ್ಕರು. "ಕೊಡು ಇಲ್ಲಿ. ಅಲ್ಲಿ ತನಕ ನಾನು ತಂದು ಕೊಡ್ತೇನೆ, ಮತ್ತೆ ನೀನು ಹಿಡಿ" ಎಂದು ರಿಮೋಟ್ ತೆಗೆದುಕೊಂಡು ಮೊದಲಿನಿಂದ ಶುರುಮಾಡಿದರು.

ಅವರ ಆಟ ನೋಡಿದೆ. ಒಂದು ಜೀವವೂ ಹೋಗಲಿಲ್ಲ. ಆ ಮರಗಟ್ಟಿದ ಬೆರಳು ಎಲ್ಲಿ ಹಾರಬೇಕೋ ಅಲ್ಲಿ ಹಾರಿತು, ಎಲ್ಲಿ ಬಗ್ಗಬೇಕೋ ಅಲ್ಲಿ ಬಗ್ಗಿತು. ನಾನು ಹೇಳಿದ ಸುಳ್ಳಿನ ಹಿಂದೆ ಮೂರು ವರ್ಷ ನಡೆದು ನಡೆದು ಕಲಿತದ್ದು ಅದೆಲ್ಲ. ಮೂರನೇ ಸ್ಟೇಜಿನ ಹಡಗಿನ ಹತ್ತಿರ ತಂದು ನಿಲ್ಲಿಸಿ, "ಇಗೋ. ಬಾಗಿಲು ನೀನು ತೆಗಿ" ಎಂದು ರಿಮೋಟನ್ನು ನನ್ನ ಕೈಯಲ್ಲಿಟ್ಟರು.

ನಾನು ಹಿಡಿದುಕೊಂಡೆ. ಎಡದಿಂದ ಮೀನು ಬರತೊಡಗಿತು. ಉಪ್ಪ ಪಿಸುಮಾತಿನಲ್ಲಿ ಎಣಿಸುತ್ತಿದ್ದರು. ಐದು, ಆರು, ಏಳು. ಏಳಾದ ಮೇಲೆ ಎಂಟು ಬಂತು, ಒಂಬತ್ತು ಬಂತು. ಹಡಗು ಹಾಗೇ ಇತ್ತು. ಅವರು ಎಣಿಸುವುದನ್ನು ನಿಲ್ಲಿಸಿದರು. ಆಕ್ಟೋಪಸ್ಸಿನ ಕೈ ಬಂದು ಅವನನ್ನು ಎಳೆದುಕೊಂಡಿತು. ನಾನು ಟಿವಿ ಬಿಟ್ಟು ಬೇರೆ ಕಡೆ ನೋಡಲಿಲ್ಲ.

"ಆಡದೆ ಎಷ್ಟು ಸಮಯ ಆಯ್ತು?" ಎಂದರು.

"ಮೂರು ವರ್ಷ."

"ಹೇಳ್ಬಹುದಿತ್ತಲ್ಲ ಮೋನೆ. ದೊಡ್ಡವನಾದೆ, ಈಗ ಬೇಡ ಅಂತ ಹೇಳಿದ್ರೆ ನಾನು ಎಂತ ಬೈತಿದ್ದೆನಾ?"

ಬೈಯಬೇಕಿತ್ತು. ಎರಡು ಬಾರಿಸಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅವರು ಟಿವಿ ಆಫ್ ಮಾಡಿ, ವಯರನ್ನು ಸುತ್ತಿ, ಟವೆಲಿನಲ್ಲಿ ಮೊದಲಿನ ಹಾಗೆಯೇ ಗಂಟು ಕಟ್ಟಿದರು. ರಜೆ ಮುಗಿಸಿ ಹೊರಡುವಾಗ ಅದನ್ನು ಮತ್ತೆ ಬ್ಯಾಗಿಗೆ ಹಾಕಿದರು. "ಅದೆಂತಕ್ಕೆ ಹೊರುವುದು ಇನ್ನು?" ಎಂದು ಉಮ್ಮ ಕೇಳಿದ್ದಕ್ಕೆ, "ಇರಲಿ, ಅಲ್ಲಿಯದ್ದು ಅಲ್ಲಿಗೆ" ಎಂದರು.

ಆಮೇಲೆಯೂ ಶುಕ್ರವಾರ ಫೋನು ಬರುತ್ತಿತ್ತು. "ಊಟ ಆಯ್ತಾ? ಓದ್ತಿದ್ದೀಯಾ?" ಎಂದು ಕೇಳುತ್ತಿದ್ದರು. ಹೌದು ಎನ್ನುತ್ತಿದ್ದೆ. "ಮತ್ತೆ?" ಎನ್ನುತ್ತಿದ್ದರು. "ಮತ್ತೆ ಎಂತ ಇಲ್ಲ ಉಪ್ಪ." ಮೂರು ನಿಮಿಷ ಅಷ್ಟು ಉದ್ದವೆಂದು ನನಗೆ ಮೊದಲು ಗೊತ್ತಿರಲಿಲ್ಲ. ಆಟದ ಸುದ್ದಿಯನ್ನು ಅವರು ಮತ್ತೆ ಒಮ್ಮೆಯೂ ಎತ್ತಲಿಲ್ಲ. ಕ್ಷಮಿಸಿ ಎನ್ನಬೇಕೆಂದು ನಾನು ಎಷ್ಟೋ ಶುಕ್ರವಾರ ಅಂದುಕೊಂಡೆ. ಮುಂದಿನ ರಜೆಯಲ್ಲಿ ಎದುರು ಕೂತು ಹೇಳಿದರಾಯಿತು ಎಂದು ದೂಡಿದೆ.

ಮುಂದಿನ ರಜೆ ಬರಲಿಲ್ಲ. 2011ರಲ್ಲಿ ಒಂದು ಬೆಳಿಗ್ಗೆ ಲಾಂಡ್ರಿಯಲ್ಲಿ ಕೆಲಸದ ನಡುವೆಯೇ ಉಪ್ಪ ಎದೆ ಹಿಡಿದುಕೊಂಡು ಕುಸಿದರಂತೆ. ಮಯ್ಯತ್ತನ್ನು ಊರಿಗೆ ತರುವುದೋ ಅಲ್ಲೇ ದಫನ ಮಾಡುವುದೋ ಎಂದು ಅಲ್ಲಿಯವರು ಕೇಳಿದರು. ತಡ ಮಾಡಬಾರದು ಎಂದು ಉಮ್ಮ ಅಲ್ಲೇ ಆಗಲಿ ಎಂದರು. ಮುಖ ನೋಡಲಾಗಲಿಲ್ಲ, ಒಂದು ಹಿಡಿ ಮಣ್ಣು ಹಾಕಲಾಗಲಿಲ್ಲ. ಎರಡು ತಿಂಗಳ ನಂತರ ಬಂದದ್ದು ಒಂದು ಪೆಟ್ಟಿಗೆ.

ತಂದವರು ಉಪ್ಪನ ರೂಮಿನವರು, ಅಗಲ್ಪಾಡಿ ಕಡೆಯ ಒಬ್ಬರು ಅಣ್ಣ. ಉಪ್ಪನ ಜೊತೆ ಹನ್ನೊಂದು ವರ್ಷ ಒಂದೇ ರೂಮಿನಲ್ಲಿ ಇದ್ದವರು. ಉಮ್ಮ ಇದ್ದತ್ತಿನಲ್ಲಿ, ಗಂಡ ತೀರಿಕೊಂಡವರು ಪರರ ಎದುರು ಬಾರದ ದಿನಗಳಲ್ಲಿ, ಇದ್ದ ಕಾರಣ ಬಾಗಿಲ ಪರದೆಯ ಹಿಂದೆ ನಿಂತರು. ನಾನು ಹಗ್ಗ ಬಿಚ್ಚಿದೆ. ನಾಲ್ಕು ಅಂಗಿ, ಟೊಪ್ಪಿ, ತಸ್ಬೀಹ್ ಮಣಿಮಾಲೆ. ಒಂದು ಕವರಿನಲ್ಲಿ ನನ್ನ ಕಾಲಿನ ಗೆರೆ ಎಳೆದ ಹಾಳೆಗಳು. ಅಡಿಯಲ್ಲಿ ಟವೆಲಿನ ಗಂಟು.

ಗಂಟು ನೋಡಿದ್ದೇ ಅಣ್ಣ ನಕ್ಕರು. "ಇದಕ್ಕಾಗಿ ನಾವು ಅವರಿಗೆ ಎಷ್ಟು ಉಪದ್ರ ಕೊಟ್ಟಿದ್ದೇವೆ ಗೊತ್ತುಂಟಾ? ಅಂಥ ಬಾಗಿಲೇ ಇಲ್ಲ ಮಾರಾಯ್ರೇ, ಹುಡುಗ ನಿಮಗೆ ಟೊಪ್ಪಿ ಹಾಕಿದ್ದು ಅಂತ ನಾವು. ನನ್ನ ಮಗ ನನ್ನ ಹತ್ರ ಸುಳ್ಳು ಹೇಳ್ಲಿಕ್ಕಿಲ್ಲ ಅಂತ ಅವರು. ಒಮ್ಮೆ ಅದೇ ಸಿಟ್ಟಿನಲ್ಲಿ ಎರಡು ದಿನ ನಮ್ಮ ಜೊತೆ ಊಟಕ್ಕೆ ಕೂತಿಲ್ಲ."

ನಾನು ಕಾಲಿನ ಗೆರೆಯ ಹಾಳೆಗಳನ್ನು ತಿರುಗಿ ಕವರಿಗೆ ಹಾಕತೊಡಗಿದೆ.

"ಮತ್ತೆ ರಜೆ ಮುಗಿಸಿ ಬಂದರಲ್ಲ, ನಾವು ಎಲ್ಲರೂ ಕಾದು ಕೂತಿದ್ದೆವು ಕೇಳ್ಲಿಕ್ಕೆ. ಉಂಟು, ನನ್ನ ಮಗ ಎದುರು ಕೂತು ತೆಗೆದು ತೋರಿಸಿದ, ಒಳಗೆ ದೊಡ್ಡ ಊರೇ ಉಂಟು ಅಂತ ಹೇಳಿದ್ರು. ಹಾಗಾದ್ರೆ ನಮಗೂ ತೋರಿಸಿ ಅಂದ್ರೆ, ಅದು ನನ್ನ ಕೈಗೆ ಬರುವುದಿಲ್ಲ, ಅದಕ್ಕೆ ಮಕ್ಕಳ ಬೆರಳೇ ಆಗಬೇಕು ಅಂದ್ರು. ಮತ್ತೆ ಅದನ್ನು ಮುಟ್ಟಿಯೇ ಇಲ್ಲ." ಅಣ್ಣ ಚಾಯದ ಗ್ಲಾಸು ಕೆಳಗಿಟ್ಟು ನನ್ನನ್ನು ನೋಡಿದರು. "ಈಗಾದ್ರೂ ಹೇಳು ಮಾರಾಯ. ನಿಜವಾಗಿ ಉಂಟಾ ಅದು?"

ಪರದೆ ಅಲುಗಿತು. ಉಮ್ಮನ ಬೆರಳು ಅದರ ಅಂಚನ್ನು ಹಿಡಿದುಕೊಂಡದ್ದು ಕಾಣುತ್ತಿತ್ತು.

"ಉಂಟು ಅಣ್ಣ" ಎಂದೆ. "ಮೂರನೇ ಸ್ಟೇಜಿನಲ್ಲಿ, ಒಡೆದ ಹಡಗಿನ ಕೆಳಗೆ. ಏಳು ಮೀನು ಎಣಿಸಬೇಕು, ಎಡದಿಂದ. ಉಪ್ಪನಿಗೆ ನಾನೇ ತೋರಿಸಿದ್ದು."

"ಛೇ" ಎಂದರು ಅಣ್ಣ. ಅವರ ಕಣ್ಣು ತುಂಬಿತು. "ನಾವು ಸುಮ್ಮನೆ ಆ ಮನುಷ್ಯನನ್ನು ಸುಳ್ಳ ಅಂತ ತಿಳಿದುಕೊಂಡೆವಲ್ಲ."