ಕ್ಯಾಮರಾದೊಳಗಿನ ರಾಹುಕಾಲ

ಇವತ್ತು ಬೆಳಿಗ್ಗೆ ಮೊಬೈಲು, ನಾನು ಕೇಳದೆಯೇ, ಅಕ್ಕನ ಮದುವೆಯ ಫೋಟೊ ತೋರಿಸಿತು. ನಿಮಗೂ ಹೀಗಾಗುತ್ತಿರಬಹುದು, ಮನೆಯವರು ಮರೆತದ್ದನ್ನೆಲ್ಲ ನೆನಪಿಡುವ ಕೆಲಸವನ್ನು ಈಗ ಫೋನು ವಹಿಸಿಕೊಂಡಿದೆ. ಭಾವ ತಾಳಿ ಕಟ್ಟುತ್ತಾ ಕ್ಯಾಮರಾ ನೋಡಿ ನಗುತ್ತಿದ್ದರು. ಅದು ಮುಂದೆ ತಮಗೆ ಎಷ್ಟು ಉಪಕಾರ ಮಾಡಲಿದೆಯೆಂದು ಅವರಿಗಾಗ ಗೊತ್ತಿರಲಿಲ್ಲ.

ಮದುವೆ ಮೂಡಬಿದಿರೆಯಲ್ಲಿ, ಒಂದು ಶುಕ್ರವಾರ, ಹನ್ನೆರಡು ಇಪ್ಪತ್ತರ ಅಭಿಜಿನ್ ಲಗ್ನದಲ್ಲಿ ನಡೆದಿತ್ತು. ಫೋಟೊ ತೆಗೆದವನು ಮೆಲ್ಕಾರಿನ ನನ್ನ ಗೆಳೆಯ ರಫೀಕ್. ಶಾರ್ಜಾದಿಂದ ರಜೆಗೆ ಬಂದಿದ್ದವನು ಹೊಸ ಡಿಜಿಟಲ್ ಕ್ಯಾಮರಾ ಕೊರಳಿಗೆ ಹಾಕಿಕೊಂಡು ಮದುಮಗನಿಗಿಂತ ಹೆಚ್ಚು ಗತ್ತಿನಲ್ಲಿ ತಿರುಗಿದ್ದ.

ಕೆಲವು ವರ್ಷಗಳ ನಂತರ ಭಾವ ಬೆಳ್ತಂಗಡಿಯಲ್ಲಿ ಹೋಟೆಲು ತೆರೆದು, ಮುಚ್ಚಿದರು. ಕಾರಣ ಹುಡುಕುತ್ತಿದ್ದವರಿಗೆ ಕಂಪ್ಯೂಟರಿನಲ್ಲಿ ತಾಳಿಯ ಫೋಟೊದ ಸಮಯ ಕಣ್ಣಿಗೆ ಬಿತ್ತು: ಹತ್ತು ಐವತ್ತು.

"ಶುಕ್ರವಾರ ಆ ಹೊತ್ತಿಗೆ ರಾಹುಕಾಲ ಮಾರಾಯ! ಹೋಟೆಲು ನಡೆಯುವುದುಂಟಾ?" ಎಂದರು ಭಾವ.

ಕೋಳಿ ಫಾರ್ಮು ಸೋತಾಗಲೂ ರಾಹು, ಮೊಬೈಲ್ ಅಂಗಡಿಗೂ ರಾಹು. ಆ ಹೋಟೆಲಿನ ಸಾಂಬಾರು ತಿಂದವನಾಗಿಯೂ ನಾನು ಬಾಯಿ ಬಿಡಲಿಲ್ಲ. ಭಾವನಿಗಾದರೆ ಹೇಳಬಹುದು, ಗ್ರಹಕ್ಕೆ ಎದುರಾಡುವುದು ಹೇಗೆ?

"ತಾಳಿ ಆದ ಕೂಡಲೇ ಊಟಕ್ಕೆ ಕೂತದ್ದಲ್ವಾ? ಬೆಳಿಗ್ಗೆ ಹನ್ನೊಂದಕ್ಕೆ ಯಾರು ಊಟ ಮಾಡ್ತಾರೆ?" ಎಂದು ಅಕ್ಕ ಮೊದಮೊದಲು ವಾದಿಸಿದಳು.

"ಕ್ಯಾಮರಾ ಜಪಾನಿದ್ದು. ಅದು ಸುಳ್ಳು ಹೇಳ್ತದಾ?"

ನೆಂಟರ ಎದುರೂ ಇದೇ ಕಥೆ ಶುರುವಾದ ಮೇಲೆ ಅವಳು ಸುಮ್ಮನಾದಳು. ತನ್ನನ್ನು ಕಟ್ಟಿಕೊಂಡದ್ದೇ ನಷ್ಟದ ಮೂಲವೆಂದು ಸಾರುವ ಗಂಡನಿಗೆ ದಿನವೂ ಬಡಿಸುವುದು ಹೇಗಿರುತ್ತದೋ ನಾನರಿಯೆ. ಯಾರಾದರೂ ಆ ಮಾತೆತ್ತಿದರೆ ಅವಳು ಕರಿಮಣಿಯನ್ನು ಸೆರಗಿನೊಳಗೆ ಸೇರಿಸಿಕೊಳ್ಳುವುದನ್ನು ಮಾತ್ರ ನೋಡಿದ್ದೇನೆ.

ಕಳೆದ ಮಳೆಗಾಲದಲ್ಲಿ ಮನೆಯ ಫೋಟೊಗಳನ್ನೆಲ್ಲ ಒಂದು ಸಾಫ್ಟ್‌ವೇರಿಗೆ ಸುರಿದು ಸಾಲುಗಟ್ಟಿಸಲು ಕೂತೆ. ಕುಟುಂಬದಲ್ಲಿ ಕಂಪ್ಯೂಟರ್ ಬಲ್ಲವನೆಂಬ ಹೆಸರು ಉಳಿಸಿಕೊಳ್ಳಬೇಕಲ್ಲ! ನೋಡಿದರೆ, ರಫೀಕನ ಕ್ಯಾಮರಾದಲ್ಲಿ ತಾಳಿ ಕಟ್ಟಿ ಮುಗಿಸಿದ ಭಾವ, ನನ್ನ ಹಳೆಯ ಮೊಬೈಲು ತೆಗೆದ ಮುಂದಿನ ಫೋಟೊದಲ್ಲಿ ಆಗಷ್ಟೇ ದಿಬ್ಬಣದ ಕಾರಿನಿಂದ ಇಳಿಯುತ್ತಿದ್ದರು.

ಕೂಡಲೇ ರಫೀಕನಿಗೆ ಫೋನು ಮಾಡಿದೆ. "ಊರಿಗೆ ಬಂದಾಗ ಕ್ಯಾಮರಾದ ಗಂಟೆ ಬದಲಿಸಿದ್ದೆಯಾ?"

"ರಜೆಗೆ ಬಂದವನಿಗೆ ಎಂಥ ಗಂಟೆ ಮಾರಾಯ? ಶಾರ್ಜಾದ್ದೇ ಇತ್ತು."

ಅಲ್ಲಿಗೂ ಇಲ್ಲಿಗೂ ಒಂದೂವರೆ ಗಂಟೆ ವ್ಯತ್ಯಾಸ. ಅವನ ಫೋಟೊಗಳನ್ನೆಲ್ಲ ಒಟ್ಟಿಗೆ ಹಿಡಿದು ಅಷ್ಟು ಮುಂದೆ ತಳ್ಳಿದೆ. ದಿಬ್ಬಣ ಮೊದಲು ಬಂತು; ತಾಳಿ ಹನ್ನೆರಡು ಇಪ್ಪತ್ತಕ್ಕೆ ಹೋಗಿ ಕೂತಿತು.

ಭಾವನನ್ನು ಕರೆದು ತೋರಿಸಿದೆ. "ಹಾಗಾದರೆ ಒಳ್ಳೆ ಲಗ್ನವೇ ಆಗಿತ್ತಾ?" ಎಂದರು. ಖುಷಿಪಡಬೇಕಾದವರು ಜಾಮೀನು ರದ್ದಾದವರಂತೆ ಕೂತುಬಿಟ್ಟರು. ಮತ್ತೆ ಮೆಲ್ಲಗೆ, "ಮೊದಲಿನ ಹಾಗೆ ಮಾಡ್ಲಿಕ್ಕೆ ಆಗ್ತದಾ?"

ಚಾ ತಂದ ಅಕ್ಕ ಅಲ್ಲೇ ನಿಂತಿದ್ದಳು. "ಅದನ್ನು ದೊಡ್ಡದು ಮಾಡಿ ತೆಗೆಸು," ಎಂದಳು ನನಗೆ. "ಗಂಟೆ ಸಮೇತ. ಚಾವಡಿಯಲ್ಲಿ ತೂಗುಹಾಕುವ." ಗಂಡನ ಕಡೆ ತಿರುಗಿ, "ಇನ್ನು ಹೋಟೆಲಿನ ವಿಷಯ ಮಾತಾಡುವ. ಸಾಂಬಾರಿಗೆ ನೀರು ಹಾಕಿದ್ದು ರಾಹುವಾ?"

ಭಾವ ಚಾ ಕುಡಿದರು.

ಇವತ್ತು ಬೆಳಿಗ್ಗೆ ಮೊಬೈಲು ತೋರಿಸಿದ ಫೋಟೊವನ್ನು ಅಕ್ಕನಿಗೆ ಕಳಿಸಿದೆ. ತಿರುಗಿ ಫೋನು ಮಾಡಿದವರು ಭಾವ. ಮಿಜಾರಿನಲ್ಲಿ ಕಾಲೇಜು ಮಕ್ಕಳಿಗೆಂದು ಕ್ಯಾಂಟೀನು ತೆರೆಯುತ್ತಾರಂತೆ. ಅಡುಗೆಯ ಉಸ್ತುವಾರಿ ಅಕ್ಕನದಂತೆ.

"ಮುಹೂರ್ತ ಯಾವಾಗ?" ಎಂದು ಕೇಳಿದೆ, ಹೆದರಿಕೊಂಡೇ.

"ಅವಳ ಹತ್ತಿರ ಕೇಳು."

ಅಕ್ಕ ಫೋನು ತೆಗೆದುಕೊಂಡಳು. "ನಿನಗೆ ರಜೆ ಯಾವಾಗ ಉಂಟು ಹೇಳು, ಆವತ್ತೇ ಇಡುವ."