ಲಕ್ಕಮ್ಮ ನನಗೆ ಕೊಡದ ಬಲಗಡೆಯ ಹೂವು

ನಮ್ಮ ಮನೆದೇವರು ಲಕ್ಕಮ್ಮನ ಒಕ್ಕಲಿನವರೆಲ್ಲರಿಗೂ ಹೊಳೆನರಸೀಪುರದಿಂದ ಕೈಮುಗಿದು ಬರೆಯುತ್ತಿದ್ದೇನೆ.

ಹೋದ ವರ್ಷ ಸಕ್ಕರೆ ಕಾಯಿಲೆಯಿಂದ ನಮ್ಮ ಯಜಮಾನರ ಎರಡು ಕಣ್ಣೂ ಹೋದವು. ಹಾಸನದ ಆಸ್ಪತ್ರೆಯಲ್ಲಿ ಇನ್ನೇನೂ ಮಾಡಲಾಗದು ಎಂದರು. ಬಸ್ಸಿನಲ್ಲಿ ನನ್ನ ಕೈ ಹಿಡಿದುಕೊಂಡೇ ಬಂದವರು ಆಮೇಲೆ ಮಂಚ ಬಿಟ್ಟು ಏಳಲಿಲ್ಲ. ಅವರನ್ನು ಎಬ್ಬಿಸಿ ಕೂರಿಸಿದ್ದು ಪುರಾಣದ ಕಥೆಗಳ ಒಂದು ವೆಬ್‌ಸೈಟ್. ಯಾರೋ ಪುಣ್ಯಾತ್ಮರು ಅದಕ್ಕೆ ಪ್ಲಗಿನ್ ಎಂಬ ಪುಟ್ಟ ಜೋಡಣೆಯೊಂದನ್ನು ಬರೆದು ಸೇರಿಸಿದ್ದರು. ಒತ್ತಿದರೆ ಪುಟವನ್ನು ಗಟ್ಟಿಯಾಗಿ ಓದುತ್ತಿತ್ತು.

ಆ ವೆಬ್‌ಸೈಟ್ ನೋಡಿಕೊಳ್ಳುವುದು ಹಾಸನದ ಒಂದು ಆಫೀಸು. ನನ್ನ ಮೊಮ್ಮಗಳು ಸುಮಾಳ ಕೆಲಸವೂ ಅಲ್ಲೇ. ಈ ಬೇಸಿಗೆಯಲ್ಲಿ ಅದನ್ನು ಹಳೆಯ ಕಂಪ್ಯೂಟರ್ ಭಾಷೆಯಿಂದ ಹೊಸ ಭಾಷೆಗೆ ತರುವ ಕೆಲಸ ಅವಳ ಪಾಲಿಗೆ ಬಂತು. ಒಂದು ದಿನ ಓದುವ ದನಿ ನಿಂತುಹೋಯಿತು. ಫೋನು ಮಾಡಿದೆ.

"ಓದೋ ಪ್ಲಗಿನ್ನು ಹಳೇ ಭಾಷೇದು ಕಣಜ್ಜಿ, ಹೊಸದಕ್ಕೆ ಸಪೋರ್ಟ್ ಆಗಲ್ಲ, ಓಡ್ತಿಲ್ಲ. ಬರ್ದೋರೂ ಸಿಗ್ತಿಲ್ಲ. ಏನಾದ್ರೂ ಮಾಡ್ತೀನಿ."

"ತಾತಂಗೆ ಕಣ್ಣೋದ್ವು, ನೀನು ಕಿವೀನೂ ಕಿತ್ಕೊಂಡೆ ಕಣೇ," ಎಂದು ಫೋನು ಇಟ್ಟೆ. ಮತ್ತೆ ಅವಳು ಎಷ್ಟು ಕರೆದರೂ ಎತ್ತಲಿಲ್ಲ. ಯಜಮಾನರು ಗೋಡೆಯ ಕಡೆ ತಿರುಗಿ ಮಲಗಿದರು.

ಮಂಗಳವಾರ ಗುಡಿಗೆ ಹೋಗಿ, ಅಮ್ಮನ ಮುಡಿಯ ಹೂ ಬಲಕ್ಕೆ ಜಾರಿದರೆ ಆದೀತು, ಎಡಕ್ಕೆ ಜಾರಿದರೆ ಆಗದು ಎಂದು ಹೂ ಕೇಳಿದೆ. ಕೇಳಬಾರದ್ದನ್ನು ಕೇಳಿದೆ. "ಅವ್ಳು ಮಾಡ್ತಿರೋ ಕೆಲ್ಸ ಕೆಟ್ಟೋಗಿ ಹಳೇದೇ ಬರಂಗಿದ್ರೆ ಬಲಕ್ಕೆ ಹೂ ಕೊಡವ್ವಾ." ಪೂಜಾರಪ್ಪ ಮಂಗಳಾರತಿ ತಟ್ಟೆ ಹಿಡಿದು ಕಾದರು. ಹೂವು ಬಲಕ್ಕೂ ಜಾರಲಿಲ್ಲ, ಎಡಕ್ಕೂ ಜಾರಲಿಲ್ಲ. ತಾಯಿಯ ಮೇಲೂ ಮುನಿದು ತೀರ್ಥ ತೆಗೆದುಕೊಳ್ಳದೆ ಬಂದುಬಿಟ್ಟೆ.

ಮನೆಯ ಬಾಗಿಲಿಗೆ ಬಂದರೆ ಅದೇ ಓದುವ ದನಿ. ಯಜಮಾನರು ಎದ್ದು ಕೂತಿದ್ದರು. ಬೆಳಗಿನ ಬಸ್ಸಿಗೆ ಬಂದ ಸುಮಾ ಅವರ ಪಕ್ಕದಲ್ಲಿ ಉಪ್ಪಿಟ್ಟು ತಿನ್ನುತ್ತಿದ್ದಳು, ನಿದ್ದೆಗೆಟ್ಟು ಕಣ್ಣೆಲ್ಲ ಗುಳಿಬಿದ್ದಿತ್ತು.

"ಹಳೇದನ್ನ ಎಸೀಲಿಲ್ಲ ಕಣಜ್ಜಿ. ಅದರ ಭಾಷೇಲೇ ಪಕ್ಕದಲ್ಲಿ ಓಡಕ್ಕೆ ಬಿಟ್ಟು, ನಡುವೆ ದುಭಾಷಿ ಇಟ್ಟಂಗೆ ಒಂದು ತುಂಡು ಪ್ರೋಗ್ರಾಂ ಬರ್ದೆ. ಇದರ ಮಾತು ಅದಕ್ಕೆ, ಅದರ ಮಾತು ಇದಕ್ಕೆ ದಾಟ್ಸುತ್ತೆ. ಬೇರೆ ಹಳೇ ಪ್ಲಗಿನ್‌ಗಳೂ ಉಳ್ಕೊಂಡ್ವು."

ನಾನು ಹೂ ಕೇಳಿದ್ದನ್ನು ಹೇಳಿ ಅತ್ತುಬಿಟ್ಟೆ. ಅವಳು ನಕ್ಕಳು. "ಬಿಡಜ್ಜಿ, ನಿನ್ನ ಬೇಡಿಕೇನೂ ಲಕ್ಕಮ್ಮಂಗೆ ಸಪೋರ್ಟ್ ಆಗಿಲ್ಲ."

"ಸುಮ್ಕಿರ್ರೇ," ಎಂದರು ಯಜಮಾನರು, "ಕತೆ ಕೇಳಿಸ್ತಿಲ್ಲ."

ಸಂತೋಷಕ್ಕೆ ನನಗೆ ಊಟವೇ ಸೇರುತ್ತಿಲ್ಲ. ಆದರೂ ಮುಳ್ಳು ಒಳಗೇ ಇದೆ. ಅಂದು ಒಂದು ಎಸಳು ಬಲಕ್ಕೆ ಜಾರಿದ್ದರೂ ನನ್ನ ಕೂಸಿನ ಶ್ರಮ ಮಣ್ಣಾಗುತ್ತಿತ್ತು. ಕೊಡದೆಯೇ ಕಾಯ್ದ ತಾಯಿ ಅವಳು. ಬರುವ ಮಂಗಳವಾರ ಸುಮಾಳನ್ನು ಕರೆದುಕೊಂಡು ಹೋಗಿ ಅಮ್ಮನಿಗೆ ಮಲ್ಲಿಗೆ ಮುಡಿಸಿ ಬರುತ್ತೇನೆ. ಹೂ ಮಾತ್ರ ಕೇಳುವುದಿಲ್ಲ.