ಬಿಸಿನೀರು ಕೇಳಿದ ಮಾವ

ನನ್ನ ತಂಗಿಯ ಮಗಳಿಗೆ ಹೆತ್ತವರು ಇಟ್ಟ ಹೆಸರು ಚೆನ್ನಾಗಿಯೇ ಇದೆ. ಆದರೆ ಅದನ್ನು ಬಳಸುವುದು ಶಾಲೆಯ ಹಾಜರಿ ಪುಸ್ತಕ ಮಾತ್ರ. ಮನೆಯಲ್ಲಿ ಅವಳು ಸಾಕವ್ವ. ಮಾತು ಕಲಿತ ದಿನದಿಂದ ಅವಳ ಬಾಯಿಗೆ ಮೊದಲು ಬರುವ ಪದ ‘ಸಾಕು’. ಹಾಲು ಸಾಕು, ಸ್ನಾನ ಸಾಕು, ಲೆಕ್ಕ ಸಾಕು. ಹದಿನಾರು ತುಂಬುವ ಹೊತ್ತಿಗೆ ಈ ಪದ ಎಷ್ಟು ಪಳಗಿತ್ತೆಂದರೆ, ಪುಸ್ತಕವನ್ನು ತೆರೆಯುವ ಮೊದಲೇ ಸಾಕಾಗಿಬಿಡುತ್ತಿತ್ತು. “ಸಾಕು ಅನ್ನೋಳನ್ನ ಸಾಕೋದು ಎಷ್ಟು ಕಷ್ಟ ಅಂತ ನನಗೊಬ್ಬಳಿಗೇ ಗೊತ್ತು” ಎಂದು ತಂಗಿ ಹೋದಲ್ಲಿ ಬಂದಲ್ಲಿ ಹೇಳಿಕೊಳ್ಳುತ್ತಿದ್ದಳು.

ಆ ವರ್ಷ ಸಾಕವ್ವ ಒಂದು ಘನಕಾರ್ಯ ಮಾಡಿದಳು. ಪರೀಕ್ಷೆಗೆ ಇದ್ದ ಕಾದಂಬರಿಯ ಹಿಂಬದಿಯ ನಾಲ್ಕು ಸಾಲು ಮಾತ್ರ ಓದಿಕೊಂಡು ಹೋಗಿ ಉತ್ತರ ಬರೆದಳು. ‘ದಡ ಕಾಣದೆ ತೊಳಲುವ ಒಬ್ಬಂಟಿಯ ಕಥೆ’ ಎಂದು ಅಲ್ಲಿ ಅಚ್ಚಾಗಿತ್ತಂತೆ. ಇವಳಿಗೆ ಕರುಳು ಚುರುಕ್ ಎಂದಿತೋ ಏನೋ, ಆ ಒಬ್ಬಂಟಿಗೆ ಒಳ್ಳೆಯ ಗಂಡು ನೋಡಿ, ಮೂರು ಪುಟದಲ್ಲಿ ಮದುವೆ ಮಾಡಿಸಿ, ಎರಡು ಮಕ್ಕಳನ್ನೂ ಕೊಟ್ಟಿದ್ದಳು. ಆ ಕಾದಂಬರಿಯ ನಾಯಕಿ ಒಂದು ದೋಣಿ ಎಂಬುದು ಗೊತ್ತಾಗಿದ್ದು ಉತ್ತರಪತ್ರಿಕೆ ವಾಪಸ್ ಬಂದಾಗ.

ತಂಗಿ ಅವತ್ತೇ ಮಗಳ ಕೈಹಿಡಿದು ನಮ್ಮ ಅಂಗಡಿಗೆ ಕರೆತಂದಳು. “ರಜೆ ಮುಗಿಯೋವರೆಗೂ ಇಲ್ಲೇ ಇರಲಿ. ಓದದೆ ಇದ್ರೆ ಹೋಗಲಿ, ಪುಸ್ತಕದ ವಾಸನೆನಾದ್ರೂ ಕುಡೀಲಿ” ಎಂದು ಬಿಟ್ಟು ಹೋದಳು.

ನಮ್ಮದು ಬೈಂಡಿಂಗ್ ಅಂಗಡಿ. ಎರಡು ಕೋಣೆ. ಮುಂದಿನದರಲ್ಲಿ ಕಿಟಕಿಯ ಪಕ್ಕ ಅಕ್ಕನ ಹೊಲಿಗೆಯ ಚೌಕಟ್ಟು, ಉದ್ದನೆಯ ಮೇಜು, ಸೂಜಿ, ಮೇಣ ಸವರಿದ ದಾರ. ಹಿಂದಿನದರಲ್ಲಿ ನಾನು, ಅಂಟಿನ ಡಬ್ಬ, ರಟ್ಟು, ಕತ್ತರಿಸುವ ಯಂತ್ರ. ಅಪ್ಪನ ಕಾಲದಿಂದಲೂ ಲೈಬ್ರರಿಯ ಹರಿದ ಪುಸ್ತಕಗಳು ನಮ್ಮಲ್ಲಿಗೇ ಬರುತ್ತವೆ. ಮೂವತ್ತು ವರ್ಷದಿಂದ ಪುಸ್ತಕಗಳ ನಡುವೆಯೇ ಇದ್ದೇನೆ, ಒಂದನ್ನೂ ಓದಿಲ್ಲ. ಹೇಳಿಕೊಳ್ಳಲು ನನಗೇನೂ ನಾಚಿಕೆ ಇರಲಿಲ್ಲ. ನನ್ನ ಪಾಲಿಗೆ ಪುಸ್ತಕವೆಂದರೆ ತೂಕ, ದಪ್ಪ ಮತ್ತು ಬೆನ್ನು. ಓದುತ್ತಿದ್ದವಳು ಅಕ್ಕ. ಹೊಲಿಯಲು ಬಂದ ಪ್ರತಿ ಕಾದಂಬರಿಯನ್ನೂ ಊಟದ ಹೊತ್ತಿನಲ್ಲಿ ತಟ್ಟೆಯ ಪಕ್ಕ ಇಟ್ಟುಕೊಂಡು ಓದಿ, ಆಮೇಲೇ ವಾಪಸ್ ಕಳಿಸುತ್ತಿದ್ದಳು.

ಎರಡು ವರ್ಷದಿಂದ ಅದು ನಿಂತಿತ್ತು. ಅಕ್ಕನ ಕಣ್ಣು ಮಂಜಾಗಿತ್ತು. ವೈದ್ಯರು ನೋಡಿ, ಇದು ಸರಿಹೋಗುವ ಜಾತಿಯದಲ್ಲ, ಇದ್ದಷ್ಟನ್ನು ಕಾಪಾಡಿಕೊಳ್ಳಿ ಎಂದಿದ್ದರಂತೆ. ಅದನ್ನೂ ಅವಳು ನನಗೆ ಹೇಳಲಿಲ್ಲ, ಔಷಧಿಯ ಚೀಟಿ ನೋಡಿ ನಾನೇ ತಿಳಿದುಕೊಂಡೆ. ಅವಳು ಹೇಳಲಿಲ್ಲವಾದ್ದರಿಂದ ನಾನು ಕೇಳಲೂ ಇಲ್ಲ. ನಮ್ಮ ಮನೆಯವರೆಲ್ಲ ಹೀಗೆಯೇ, ಕೆಲಸಕ್ಕೆ ಬಾರದ ವಿಷಯಕ್ಕೆ ಗಂಟಲು ಹರಿದುಕೊಳ್ಳುತ್ತೇವೆ, ಬೇಕಾದ್ದಕ್ಕೆ ತುಟಿ ಪಿಟಕ್ ಎನ್ನುವುದಿಲ್ಲ. ಹೊಲಿಗೆ ಅವಳ ಬೆರಳಿಗೆ ಗೊತ್ತಿತ್ತು, ಸೂಜಿಗೆ ದಾರವನ್ನು ನಾಲಿಗೆಯ ತುದಿಯಲ್ಲಿ ಪೋಣಿಸುತ್ತಿದ್ದಳು. ಆದರೆ ಪುಟಗಳ ಸರದಿ ನೋಡಲು ಬೆರಳು ಸಾಲದು. ಹಿಂದಿನ ಸಲ ಒಂದು ಪುಸ್ತಕದಲ್ಲಿ ಹದಿನಾರು ಪುಟ ತಲೆಕೆಳಗಾಗಿ ಹೊಲಿದು ಹೋಗಿತ್ತು. ಲೈಬ್ರರಿಯ ಮೇಡಂ ಅದನ್ನು ವಾಪಸ್ ತಂದು ಮೇಜಿನ ಮೇಲಿಟ್ಟು, “ಇನ್ನೊಂದು ಸಲ ಹೀಗಾದ್ರೆ ನನ್ನ ಮಾತು ನಡೆಯಲ್ಲ. ಮೇಲಿನೋರು ಸೇತುವೆ ಆಚೆ ಮಷಿನ್ ಬೈಂಡಿಂಗ್‌ಗೆ ಕಳಿಸಿ ಅಂತಾರೆ” ಎಂದು ಮೆಲ್ಲಗೆ ಹೇಳಿ ಹೋಗಿದ್ದರು. ಅಕ್ಕ ಅವತ್ತು ಊಟ ಮಾಡಲಿಲ್ಲ. ಕೆಲಸ ಹೋದರೆ ನಾನು ಎಲ್ಲಾದರೂ ರಟ್ಟು ಕತ್ತರಿಸಿ ಬದುಕುತ್ತೇನೆ. ಅಕ್ಕನಿಗೆ ಆ ಕಿಟಕಿಯ ಪಕ್ಕದ ಜಾಗ ಬಿಟ್ಟರೆ ಬೇರೇನೂ ಇಲ್ಲ. ನನಗೆ ಆ ಭಯ ಹಗಲೆಲ್ಲ ಇತ್ತು.

ಅದೇ ಹೊತ್ತಿಗೆ ಬಂದವಳು ಸಾಕವ್ವ. ಅಕ್ಕ ಅವಳನ್ನು ಮೇಜಿನ ಮುಂದೆ ಕೂರಿಸಿ ಕೀಲು ನೋಡುವ ಕೆಲಸ ಕಲಿಸಿದಳು. ಪುಸ್ತಕವೆಂದರೆ ಹದಿನಾರು ಹದಿನಾರು ಪುಟಗಳ ಮಡಿಕೆಗಳು. ನಾವು ಅದಕ್ಕೆ ಫಾರಂ ಎನ್ನುತ್ತೇವೆ. ಹಳೆಯ ಪುಸ್ತಕದಲ್ಲಿ ಪುಟ ಸಂಖ್ಯೆ ಇರುವ ಮೂಲೆಯೇ ಮೊದಲು ಸವೆಯುತ್ತದೆ. ಹಾಗಾಗಿ ನಮ್ಮ ಅಂಗಡಿಯಲ್ಲಿ ಅಪ್ಪನ ಕಾಲದಿಂದಲೂ ಪದ ನೋಡುತ್ತೇವೆ. ಒಂದು ಫಾರಂನ ಕೊನೆಯ ಪದ, ಮುಂದಿನದರ ಮೊದಲ ಪದ. ಎರಡೂ ಕೂಡಿದರೆ ಕೀಲು ಸರಿ.

“ಅಷ್ಟೇನಾ? ನಡುವೆ ಇರೋದು ಓದಬೇಕಾ?” ಎಂದು ಸಾಕವ್ವ ಅನುಮಾನದಿಂದ ಕೇಳಿದಳು.

“ಓದಲೇಬಾರದು. ಓದೋರ ಕೈ ನಿಧಾನ. ಇದು ಈ ಅಂಗಡಿ ನಿಯಮ” ಎಂದಳು ಅಕ್ಕ. ಹೇಳುವಾಗ ದನಿ ಬೇಕಿದ್ದಕ್ಕಿಂತ ಗಡುಸಾಗಿತ್ತು. ತನಗೆ ಆಗದ್ದನ್ನು ಪಕ್ಕದಲ್ಲೇ ಇನ್ನೊಬ್ಬರು ಮಾಡುವುದನ್ನು ಕೇಳುತ್ತ ಕೂರುವುದು ಅವಳಿಗೆ ಕಷ್ಟವಾಗುತ್ತದೆ ಎಂದು ನನಗೆ ಆಗಲೇ ತಿಳಿಯಬೇಕಿತ್ತು, ತಿಳಿಯಲಿಲ್ಲ.

“ಓದಬಾರದು ಅನ್ನೋ ಕೆಲಸ ಜಗತ್ತಿನಲ್ಲಿ ಇದೆ ಅಂತ ಮೊದಲೇ ಹೇಳಬಾರದಿತ್ತಾ” ಎಂದು ಸಾಕವ್ವ ಖುಷಿಯಿಂದ ಕೂತಳು.

ಮೂರು ದಿನ ಚೆನ್ನಾಗಿ ನಡೆಯಿತು. ನಾಲ್ಕನೆಯ ದಿನ ಅವಳ ಕೈ ನಿಂತಿತು. ನಾನು ಹಿಂದಿನ ಕೋಣೆಯಿಂದ ಇಣುಕಿದೆ. ಒಂದು ಫಾರಂ ‘ಮಾವ ಆ ಪತ್ರವನ್ನು ನಾಲ್ಕಾಗಿ ಮಡಿಸಿ ಬಾಯಿಗೆ’ ಎಂದು ಮುಗಿದಿತ್ತು. ಮುಂದಿನದು ‘ಹಾಕಿಕೊಂಡು ನುಂಗಿಬಿಟ್ಟ’ ಎಂದು ಶುರುವಾಗಿತ್ತು. ಕೀಲು ಸರಿಯಾಗಿಯೇ ಇದೆ. ಆದರೆ ಹುಡುಗಿ ಮುಂದಕ್ಕೆ ಹೋಗಲೊಲ್ಲಳು.

“ಮಾವ, ಒಬ್ಬ ಮನುಷ್ಯ ಪತ್ರ ಯಾಕೆ ನುಂಗ್ತಾನೆ?” ಎಂದು ನನ್ನನ್ನು ಪಿಸುದನಿಯಲ್ಲಿ ಕೇಳಿದಳು.

“ಹಸಿವಾಗಿರಬೇಕು. ಕೆಲಸ ನೋಡು” ಎಂದೆ.

ಅವಳು ಒಂದು ಪುಟ ಹಿಂದಕ್ಕೆ ತಿರುಗಿಸಿದಳು. ಅಲ್ಲಿ ಉತ್ತರ ಇರಲಿಲ್ಲವೆಂದು ಇನ್ನೊಂದು. ಕೊನೆಗೆ ಹಿಂದಕ್ಕೆ ಹಿಂದಕ್ಕೆ ಹೋಗಿ ಮೊದಲ ಪುಟಕ್ಕೇ ತಲುಪಿದಳು. ಅಕ್ಕನಿಗೆ ಗೊತ್ತಾಗದಿರಲೆಂದು ಆಗಾಗ ಖಾಲಿ ಕಾಗದ ಸರಪರ ಎನ್ನಿಸಿ ಕೆಲಸದ ಸದ್ದು ಮಾಡುತ್ತಿದ್ದಳು. ಆ ಕಳ್ಳಾಟ ನೋಡಿ ನನಗೆ ನಗು ತಡೆಯಲಾಗಲಿಲ್ಲ, ಆದರೂ ಚಾಡಿ ಹೇಳಲಿಲ್ಲ. ಸಂಜೆಯ ಹೊತ್ತಿಗೆ ಆ ಪುಸ್ತಕ ಅಕ್ಕನ ಕೈಯಿಂದ ಹೊಲಿಗೆ ಮುಗಿಸಿಕೊಂಡು, ನನ್ನ ಕೈಯಿಂದ ಹೊಸ ರಟ್ಟು ಹಾಕಿಸಿಕೊಂಡು, ಒತ್ತುಯಂತ್ರದ ಅಡಿಗೆ ಹೋಯಿತು. ಹುಡುಗಿ ಇನ್ನೂ ಅರ್ಧ ಓದಿರಲಿಲ್ಲ. ಹಲ್ಲುನೋವು ಬಂದವಳ ಮುಖ ಮಾಡಿಕೊಂಡು ಮನೆಗೆ ಹೋದಳು.

ಶನಿವಾರ ಅದನ್ನು ಒತ್ತುಯಂತ್ರದಿಂದ ತೆಗೆದೆವು. ಮೇಡಂ ಬರುವುದು ಸೋಮವಾರ. ಆ ತಿಂಗಳು ಬಂದಿದ್ದ ನಲವತ್ತೆರಡು ಪುಸ್ತಕವೂ ಸಿದ್ಧವಾಗಿ ಗೋಡೆಯ ಪಕ್ಕ ಸಾಲಾಗಿ ನಿಂತಿದ್ದವು. ಮಧ್ಯಾಹ್ನ ನಾನು ನೀರು ಕುಡಿಯುತ್ತಿದ್ದಾಗ ಸಾಕವ್ವ ಹಿಂದಿನ ಕೋಣೆಯ ರಟ್ಟಿನ ರಾಶಿಯ ಮರೆಯಿಂದ ಎದ್ದುಬಂದಳು. ಕಣ್ಣು ಮೂಗು ಎಲ್ಲ ಕೆಂಪಾಗಿತ್ತು.

“ದೊಡ್ಡಮ್ಮ” ಎಂದು ಬಿಕ್ಕಿದಳು. “ಮಾವ ಸತ್ತುಹೋದ.”

ಅಕ್ಕನ ಕೈಯಿಂದ ಸೂಜಿ ಬಿತ್ತು. “ಅಯ್ಯೋ, ಈಗ ತಾನೆ ನೀರು ಕೇಳ್ದ” ಎಂದು ಎದ್ದು ತಡವರಿಸುತ್ತ ಬಂದಳು. ನಾನು ಲೋಟ ಹಿಡಿದು ಬಾಗಿಲಲ್ಲೇ ನಿಂತಿದ್ದೆ. ನಾನು ಬದುಕಿದ್ದೇನೆಂದು ಅವಳಿಗೆ ನಂಬಿಸಲು ಎರಡು ಸಲ ಕೆಮ್ಮಬೇಕಾಯಿತು. ಆಮೇಲೆ ಅಕ್ಕನಿಗೆ ಬಂದ ಸಿಟ್ಟಿಗೆ, ನಿಜವಾಗಿ ಸತ್ತಿದ್ದರೇ ವಾಸಿಯಿತ್ತೇನೋ ಎನ್ನಿಸಿತು.

“ಓದಬೇಡ ಅಂದಿರಲಿಲ್ವಾ ನಾನು?”

“ಅಂದಿದ್ರಿ” ಎಂದಳು ಸಾಕವ್ವ. ಅಲ್ಲಿಗೇ ಬಿಟ್ಟಿದ್ದರೆ ಬೈಗುಳದಲ್ಲಿ ಮುಗಿಯುತ್ತಿತ್ತು. “ಆದ್ರೆ ದೊಡ್ಡಮ್ಮ, ನಾನು ಎದ್ದು ಬಂದಿದ್ದು ಅಳೋಕಲ್ಲ. ಅಳು ಮುಗಿಸಿ ಮುಂದಿನ ಪುಟ ತಿರುಗಿಸಿದೆ. ಮಣ್ಣು ಮಾಡಿದ ಮಾವ ಎದ್ದು ಕೂತು ಬಿಸಿನೀರು ಕೇಳ್ತಿದ್ದಾನೆ.”

ಸಾಕವ್ವ ಗಟ್ಟಿಯಾಗಿ ಓದಿದಳು. ಒಂಬತ್ತನೆಯ ಫಾರಂ ‘ಅಳಿಯ ಮಣ್ಣು ಮಾಡಿ ಬಂದು ಒಳಗೆ ಕಾಲಿಟ್ಟಾಗ ಮಾವನ’ ಎಂದು ಮುಗಿದಿತ್ತು. ಹತ್ತನೆಯದು ‘ಕೋಣೆಯಲ್ಲಿ ದೀಪ ಉರಿಯುತ್ತಿತ್ತು’ ಎಂದು ಶುರುವಾಗಿತ್ತು. ಕೀಲು ಎಷ್ಟು ಚೆನ್ನಾಗಿ ಕೂಡಿದೆಯೆಂದರೆ ಅಪ್ಪ ಇದ್ದಿದ್ದರೂ ತಲೆದೂಗುತ್ತಿದ್ದರು. ಪುಟದ ಸಂಖ್ಯೆಯೂ ಸರಿ, ನೂರ ನಲವತ್ತೈದು. ಆದರೆ ಈ ಮಾವ ಆ ಮಾವ ಅಲ್ಲ. ಬೇರೆ ಯಾವುದೋ ಕಾದಂಬರಿಯ ಮಾವ, ಜ್ವರ ಬಿಟ್ಟು ಏಳುತ್ತಿರುವವನು.

“ನನ್ನ ತಪ್ಪು. ನಾನೇ ನೋಡಿದ್ದು. ಮೇಜಿನ ಮೇಲೆ ಕಲಸಿಹೋಗಿರಬೇಕು” ಎಂದಳು ಸಾಕವ್ವ.

ಅಕ್ಕ ಬೈಯಲಿಲ್ಲ. ಪುಸ್ತಕವನ್ನು ಕೈಗೆ ತೆಗೆದುಕೊಂಡು, ಹೊಸ ಬೆನ್ನನ್ನು ಒಮ್ಮೆ ಸವರಿದಳು. ಆಮೇಲೆ ಚಾಕು ತೆಗೆದು ಹೊಲಿಗೆ ಕತ್ತರಿಸಿದಳು. “ಇದರ ನಿಜವಾದ ಹತ್ತನೇ ಫಾರಂ ಉಳಿದ ನಲವತ್ತೊಂದರಲ್ಲಿ ಎಲ್ಲೋ ಇದೆ. ಹುಡುಕು” ಎಂದಳು. “ಕೀಲು ನೋಡಿ ಅಲ್ಲ. ಓದಿ ಹುಡುಕು. ಗಟ್ಟಿಯಾಗಿ ಓದು, ನನಗೆ ಕಾಣ್ಸಲ್ಲ.”

ಅವಳು ಆ ಮಾತನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ನಾನು ಹಿಂದಿನ ಕೋಣೆಗೆ ಹೋಗಿ ಸ್ವಲ್ಪ ಹೊತ್ತು ಸುಮ್ಮನೆ ಅಂಟು ಕಲಕಿದೆ.

ನನ್ನ ವಿದ್ಯೆಯೂ ಒಮ್ಮೆ ಉಪಯೋಗಕ್ಕೆ ಬಂತು. ಅದೇ ಅಳತೆ, ಅದೇ ಹಳದಿ ಕಾಗದ, ಅದೇ ಅಕ್ಷರ ಇರುವ ಪುಸ್ತಕ ಮೂರು ಮಾತ್ರ ಎಂದು ಆರಿಸಿ ಕೊಟ್ಟೆ. ಸಾಕವ್ವ ಶನಿವಾರ ಒಂದನ್ನು ಓದಿದಳು, ಅದರಲ್ಲಿ ಮಾವನೇ ಇರಲಿಲ್ಲ. ಭಾನುವಾರ ಬೆಳಿಗ್ಗೆ ಎರಡನೆಯದು. ಅದರಲ್ಲಿ ದೋಣಿಕಾರ ಮಾವನೊಬ್ಬ ಜ್ವರ ಬಂದು ಮಲಗಿದ್ದ. ಸೊಸೆ ಗಂಜಿ ತಂದು ‘ಬಾಗಿಲು ತೆಗೆದು ನೋಡಿದರೆ ಮಾವನ’ ಎಂಬಲ್ಲಿಗೆ ಒಂಬತ್ತನೆಯ ಫಾರಂ ಮುಗಿಯಿತು. ಹತ್ತನೆಯದು ‘ಕುರ್ಚಿ ಖಾಲಿಯಾಗಿತ್ತು’ ಎಂದು ಶುರುವಾಯಿತು. ಸಾಕವ್ವ ಮೇಜು ಕುಟ್ಟಿದಳು. ಅಕ್ಕ ಕುಣಿಯುವುದೊಂದು ಬಾಕಿ. ಊಟದ ಹೊತ್ತಿಗೆ ಎರಡು ಪುಸ್ತಕವೂ ತಮ್ಮ ತಮ್ಮ ಮಾವಂದಿರನ್ನು ಪಡೆದುಕೊಂಡು ಮತ್ತೆ ಒತ್ತುಯಂತ್ರಕ್ಕೆ ಹೋದವು.

ಸೋಮವಾರ ಮೇಡಂ ಬಂದರು. ಹೊರಗೆ ಗಾಡಿಯವನು ಕಾಯುತ್ತಿದ್ದ. ನಾನು ಬಾಯಿ ಮುಚ್ಚಿಕೊಂಡಿರೋಣ ಎಂದು ಅಕ್ಕನಿಗೆ ಸನ್ನೆ ಮಾಡಿದೆ, ಕಾಣದವಳಿಗೆ ಸನ್ನೆ ಮಾಡುವಷ್ಟು ಬುದ್ಧಿವಂತ ನಾನು. ಅಕ್ಕ ಎಲ್ಲವನ್ನೂ ಹೇಳಿಬಿಟ್ಟಳು. ಕಣ್ಣಿನ ವಿಷಯ, ಫಾರಂ ಅದಲುಬದಲಾದ ವಿಷಯ. “ಸರಿ ಮಾಡಿದ್ದೀವಿ. ಆದ್ರೂ ನಿಮಗೆ ಗೊತ್ತಿರಬೇಕು. ಕೆಲಸ ಬೇರೆಯವರಿಗೆ ಕೊಡಬೇಕು ಅನ್ನಿಸಿದ್ರೆ ಕೊಡಿ” ಎಂದಳು. ಸೆರಗಿನ ತುದಿ ಬೆರಳಲ್ಲಿ ಸುತ್ತುತ್ತಿತ್ತು.

ಮೇಡಂ ಪುಸ್ತಕ ತೆರೆದು ನೋಡಿದರು. ಮುಖ ವಿಚಿತ್ರವಾಯಿತು. “ಪತ್ರ ನುಂಗೋ ಮಾವ? ಇದನ್ನ ನಾನು ಕಾಲೇಜಿನಲ್ಲಿದ್ದಾಗ ಓದಿದ್ದೆ. ಆಗಲೂ ಅವನು ಎದ್ದು ಬಿಸಿನೀರು ಕೇಳಿದ್ದ.”

“ಆಗಲೂನಾ?” ಎಂದಳು ಸಾಕವ್ವ.

“ಅವನ ದೆವ್ವ ಅಂತ ತಿಳ್ಕೊಂಡಿದ್ದೆ” ಎಂದರು ಮೇಡಂ. “ಲೈಬ್ರರಿಗೆ ಸೇರಿದಾಗಿನಿಂದ ಇದನ್ನ ದೆವ್ವದ ಕಥೆಗಳ ಕಪಾಟಿನಲ್ಲಿ ಇಟ್ಟಿದ್ದೀನಿ. ಬಂದೋರಿಗೆಲ್ಲ ಇಷ್ಟು ಸದ್ದಿಲ್ಲದ ದೆವ್ವ ಬೇರೆ ಎಲ್ಲೂ ಇಲ್ಲ ಅಂತ ನಾನೇ ಕೈಗೆ ಕೊಟ್ಟು ಕಳಿಸ್ತೀನಿ.”

ಆ ಎರಡು ಪುಸ್ತಕದಿಂದ ಕಿತ್ತಿಟ್ಟಿದ್ದ ಹಳೆಯ ರಟ್ಟುಗಳನ್ನು ನಾನು ರಾಶಿಯಿಂದ ಹುಡುಕಿ ತೆಗೆದೆ. ಎರಡರ ಒಳಬದಿಯಲ್ಲೂ ನಮ್ಮದೇ ಅಂಗಡಿಯ ಮುದ್ರೆ ಇತ್ತು, ಇಪ್ಪತ್ತೆರಡು ವರ್ಷದ ಹಿಂದಿನ ಒಂದೇ ತಾರೀಖು. ಹೊಲಿದವಳು ಅಕ್ಕ. ಸೂಜಿಯ ಕಣ್ಣಿಗೆ ದೂರದಿಂದಲೇ ದಾರ ಹಾಕುತ್ತಿದ್ದ ಕಾಲದ ಅಕ್ಕ.

ಅಕ್ಕ ಆ ಮುದ್ರೆಯನ್ನು ಕಣ್ಣಿಗೆ ಹತ್ತಿರ ಹಿಡಿದಳು, ಆಮೇಲೆ ನಗಲು ಶುರುಮಾಡಿದಳು. “ಹಾಗಾದ್ರೆ ಕಣ್ಣು ಚೆನ್ನಾಗಿದ್ದಾಗಲೇ ತಪ್ಪು ಮಾಡಿದ್ದೀನಿ. ಓದ್ತಿದ್ದಿದ್ದು ಹೊಲಿದ ಮೇಲೆ, ಅದೂ ಊಟ ಮಾಡ್ತಾ. ಈ ಎರಡನ್ನ ಓದೋಕೆ ಪುರುಸೊತ್ತು ಸಿಕ್ಕಿರಲಿಲ್ಲ ಕಾಣುತ್ತೆ.” ಎರಡು ವರ್ಷದಲ್ಲಿ ಅವಳು ಹಾಗೆ ನಕ್ಕಿದ್ದನ್ನು ನಾನು ಕಂಡಿರಲಿಲ್ಲ. ನನಗೆ ಕಣ್ಣೀರೇ ಬಂತು.

ಮೇಡಂ ಸಾಕವ್ವನ ಕಡೆ ತಿರುಗಿದರು. “ಮತ್ತೆ ಅವನು ಪತ್ರ ನುಂಗಿದ್ದು ಯಾಕೆ? ಅದು ಕೊನೆವರೆಗೂ ಗೊತ್ತಾಗಿರಲಿಲ್ಲ ನನಗೆ.”

“ಹತ್ತನೇ ಫಾರಂನಲ್ಲಿದೆ ಮೇಡಂ. ಹೇಳಲ್ಲ, ಓದಿ” ಎಂದಳು ದೋಣಿಗೆ ಮದುವೆ ಮಾಡಿಸಿದ ನಮ್ಮ ಹುಡುಗಿ.

ಮೇಡಂ ಅಲ್ಲೇ ಸ್ಟೂಲಿನ ಮೇಲೆ ಕೂತು ಹದಿನಾರು ಪುಟವನ್ನೂ ಓದಿದರು. ಗಾಡಿಯವನು ಎರಡು ಸಲ ಬಂದು ಇಣುಕಿ ಹೋದ. ಎದ್ದಾಗ ಮೂಗು ಒರೆಸಿಕೊಂಡು, “ಮಷಿನ್ನು ಓದಲ್ಲ. ಮುಂದಿನ ತಿಂಗಳ ಪುಸ್ತಕ ನಾಡಿದ್ದು ಕಳಿಸ್ತೀನಿ” ಎಂದಷ್ಟೇ ಹೇಳಿದರು. ಮಾವ ಪತ್ರ ಯಾಕೆ ನುಂಗಿದ ಎಂದು ಈಗ ನನಗೂ ಗೊತ್ತು. ನಾನೂ ಹೇಳುವುದಿಲ್ಲ.

ರಜೆ ಮುಗಿದರೂ ಸಾಕವ್ವ ಶಾಲೆ ಬಿಟ್ಟ ಮೇಲೆ ದಿನಾ ಬರುತ್ತಾಳೆ. ಹೊಲಿಯುವ ಮೊದಲು ಪ್ರತಿ ಕಾದಂಬರಿಯನ್ನೂ ಗಟ್ಟಿಯಾಗಿ ಓದುತ್ತಾಳೆ. ತಂಗಿ ಬಂದು ಮನೆಗೆ ಕರೆದರೆ ಮೊದಲಿನ ಹಾಗೆಯೇ ಹಟ, ಪದ ಮಾತ್ರ ಬದಲಾಗಿದೆ, ‘ಸಾಕು’ ಹೋಗಿ ‘ಸಾಲದು’ ಬಂದಿದೆ. ಅವಳು ಓದುವಾಗ ಯಂತ್ರದ ಸದ್ದಿಗೆ ಮಾತು ಕೇಳಿಸುವುದಿಲ್ಲವೆಂದು ನಾನು ರಟ್ಟು ಕತ್ತರಿಸುವುದನ್ನು ಬೆಳಿಗ್ಗೆಗೆ ಇಟ್ಟುಕೊಂಡಿದ್ದೇನೆ. ಇದಕ್ಕೆ ಬೇರೆ ಕಾರಣವೇನೂ ಇಲ್ಲ.

ಮೊನ್ನೆ ಒಂದು ಕಾದಂಬರಿ ರಂಗೇರಿತ್ತು. ಹುಡುಗಿ ಉಸಿರು ಬಿಗಿಹಿಡಿದು ಓದುತ್ತಿದ್ದಳು, ನಾನು ಬಾಗಿಲಿಗೆ ಒರಗಿ ಕೇಳುತ್ತಿದ್ದೆ. ಪುಟ ತಿರುಗಿತು, ಅವಳು ಓದುತ್ತಲೇ ಹೋದಳು. ಅವಳಿಗೂ ಗೊತ್ತಾಗಲಿಲ್ಲ, ನನಗೂ ಗೊತ್ತಾಗಲಿಲ್ಲ. ಕಿಟಕಿಯ ಪಕ್ಕ ಇನ್ನೊಂದು ಪುಸ್ತಕ ಹೊಲಿಯುತ್ತಿದ್ದ ಅಕ್ಕ ತಲೆ ಎತ್ತದೆಯೇ ಹೇಳಿದಳು.

“ನಿಲ್ಸು. ಕೀಲು ಕೂಡ್ತಿಲ್ಲ. ಈಗ ತಾನೆ ಅವಳ ಕೈಲಿ ಲಾಂದ್ರ ಇತ್ತು. ಅದೆಲ್ಲಿ ಹೋಯ್ತು?”

ಸಾಕವ್ವ ಪುಟವನ್ನು ಬೆರಳಲ್ಲಿ ಉಜ್ಜಿ ನೋಡಿದಳು. ಎರಡು ಹಾಳೆ ಒಂದಕ್ಕೊಂದು ಅಂಟಿಕೊಂಡಿದ್ದವು. ಹರಿದ ಅಂಚಿಗೆ ಹಚ್ಚಿದ್ದ ಅಂಟು, ನನ್ನದೇ. ನಾನು ನೀರಿನ ಬಟ್ಟೆ ತಂದು ಮೆಲ್ಲಗೆ ಬಿಡಿಸಿಕೊಟ್ಟೆ. ಅಕ್ಕ ಸೂಜಿಯನ್ನು ಚೌಕಟ್ಟಿಗೆ ಚುಚ್ಚಿ, ಕಿವಿಯನ್ನು ಇತ್ತ ಕೊಟ್ಟು, ಕಾಲು ಚಾಚಿ ಕೂತಳು.

“ಲಾಂದ್ರ ಹಚ್ಚಿದಲ್ಲಿಂದ ಓದು” ಎಂದಳು.